ಜಾರ್ಜ್ ಇಬ್ಬರಿರಲಿಲ್ಲ

ಈಚೆಗೆ ಒಂದು ಪದವಿ ಕಾಲೇಜಿನಲ್ಲಿ ತುರ್ತು ಪರಿಸ್ಥಿತಿಯ ಬಗ್ಗೆ ಮಾತಾಡಲು ಕರೆದಿದ್ದರು. ಎಲ್ಲರೂ ಮಾಡುವ ಹಾಗೆ ನಾನೂ ಆ ಚಿತ್ರವನ್ನು ಪರದೆಯ ಮೇಲೆ ಹಾಕಿದೆ. ಕೋಳ ತೊಡಿಸಿದ ಕೈಯನ್ನು ಮೇಲೆತ್ತಿ ನಿಂತ ಜಾರ್ಜ್ ಫರ್ನಾಂಡಿಸ್. ಮಂಗಳೂರಿನ ಹುಡುಗ, ಬೊಂಬಾಯಿಯ ಕಾರ್ಮಿಕ ನಾಯಕ, ಇಂದಿರಾ ಗಾಂಧಿಯವರ ಸರ್ಕಾರಕ್ಕೆ ಒಂದು ವರ್ಷ ಕೈಗೆ ಸಿಗದೆ ಓಡಾಡಿದ ಮನುಷ್ಯ ಎಂದೆಲ್ಲ ಹೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಪ್ರಶ್ನೋತ್ತರದ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ಕೇಳಿದಳು: "ಸಾರ್, ಗುಜರಾತ್ ಗಲಭೆ ಟೈಮಲ್ಲಿ ವಾಜಪೇಯಿ ಸರ್ಕಾರದಲ್ಲಿ ಡಿಫೆನ್ಸ್ ಮಿನಿಸ್ಟರ್ ಆಗಿದ್ದ ಜಾರ್ಜ್ ಫರ್ನಾಂಡಿಸ್ ಬೇರೆಯವರಾ?"

"ಅವರೇ ಕಣಮ್ಮ. ಆಮೇಲೆ ಬದಲಾದರು," ಅಂದೆ. ಅವಳು ಕೂತಳು. ಸಭೆ ಮುಗಿಯಿತು, ಹಾರ ಹಾಕಿ ಕಳಿಸಿಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಉತ್ತರ ನನಗೇ ನಾಚಿಕೆ ತಂದಿತು. "ಆಮೇಲೆ ಬದಲಾದರು." ಇದು ನಾನೊಬ್ಬನೇ ಹೇಳುವ ಮಾತಲ್ಲ. ಪ್ರತಿ ವರ್ಷ ಜೂನ್ 3ಕ್ಕೆ, ಜನವರಿ 29ಕ್ಕೆ, ಜೂನ್ 25ಕ್ಕೆ ನಮ್ಮ ಸಮಾಜವಾದಿ ಮಿತ್ರರು ಬರೆಯುವ ಎಲ್ಲ ಸ್ಮರಣೆಗಳಲ್ಲೂ ಈ ವಾಕ್ಯ ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ. ಎಂಬತ್ತೆಂಟು ವರ್ಷ ಬದುಕಿದ ಮನುಷ್ಯನ ಕತೆಯನ್ನು 1977ಕ್ಕೆ ನಿಲ್ಲಿಸಿ, ಉಳಿದದ್ದನ್ನು ಈ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ. ಆ ಕಡೆಯವರದ್ದು ಇನ್ನೊಂದು ಚಾಳಿ. ಅವರಿಗೆ ಜಾರ್ಜ್ ಹುಟ್ಟಿದ್ದೇ 1998ರಲ್ಲಿ. ಸಿಯಾಚಿನ್‌ಗೆ ಹೋದ ರಕ್ಷಣಾ ಸಚಿವ, ಅಷ್ಟೆ. ಅವರ ಪ್ರಕಾರ ರೈಲ್ವೆ ಮುಷ್ಕರ ನಡೆದೇ ಇಲ್ಲ. ಇಬ್ಬರೂ ಸೇರಿ ಒಬ್ಬ ಮನುಷ್ಯನನ್ನು ಅರ್ಧರ್ಧ ಹಂಚಿಕೊಂಡಿದ್ದೇವೆ. ನನ್ನ ತಕರಾರು ಮುಖ್ಯವಾಗಿ ನಮ್ಮ ಮನೆಯವರ ಜೊತೆ. "ಬದಲಾದರು" ಅನ್ನುವುದು ಉತ್ತರವಲ್ಲ. ಅದು ಪ್ರಶ್ನೆ ಕೇಳಿದ ಹುಡುಗಿಯನ್ನು ಸುಮ್ಮನೆ ಕೂರಿಸುವ ಉಪಾಯ.

ಮೊದಲು ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸೋಣ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಆರು ಗಂಡುಮಕ್ಕಳಲ್ಲಿ ಹಿರಿಯರು. ತಾಯಿಗೆ ಐದನೇ ಜಾರ್ಜ್ ದೊರೆಯ ಮೇಲೆ ಅಭಿಮಾನ. ಹುಟ್ಟಿದ ದಿನವೂ ಒಂದೇ ಆದದ್ದರಿಂದ ಮಗನಿಗೆ ಅದೇ ಹೆಸರು. ಹದಿನಾರರ ವಯಸ್ಸಿಗೆ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಗುರುಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ. ವಿದ್ಯಾರ್ಥಿಗಳಿಗೆ ಬೇರೆ ಸಾಲು, ಬೇರೆ ಊಟ. ಬೋಧನೆಗೂ ನಡವಳಿಕೆಗೂ ನಡುವಿನ ಈ ಅಂತರ ಸಹಿಸಲಾಗದೆ ಎರಡೂವರೆ ವರ್ಷಕ್ಕೆ ಹೊರಬಂದೆ ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಒಂದಷ್ಟು ಕಾಲ ಕೊಂಕಣಿಯಲ್ಲಿ 'ಕೊಂಕಣಿ ಯುವಕ್', ಕನ್ನಡದಲ್ಲಿ 'ರೈತವಾಣಿ' ಪತ್ರಿಕೆಗಳ ಕೆಲಸ. ನಂತರ ಬೊಂಬಾಯಿ. ಚೌಪಾಟಿಯ ಬೆಂಚಿನ ಮೇಲೆ ರಾತ್ರಿ ಕಳೆದು, ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಹಿಡಿದು, ಬಂದರು ಕಾರ್ಮಿಕರ ನಾಯಕ ಪಿ. ಡಿ'ಮೆಲ್ಲೊ ಅವರ ಬಳಿ ಸಂಘಟನೆಯ ಪಾಠ ಕಲಿತರು.

ಅವರು ಕಟ್ಟಿದ ಸಂಘಗಳ ಪಟ್ಟಿ ನೋಡಿ: ಬಂದರಿನವರು, ಟ್ಯಾಕ್ಸಿಯವರು, ಮುನಿಸಿಪಾಲಿಟಿಯ ಕಸ ಗುಡಿಸುವವರು, ಬಸ್ಸಿನವರು, ಹೋಟೆಲ್ ಮಾಣಿಗಳು. ಆ ಮಾಣಿಗಳಲ್ಲಿ ಎಷ್ಟೋ ಮಂದಿ ನಮ್ಮ ಕರಾವಳಿಯಿಂದ ಹೊರಟು ಹೋದ ಹುಡುಗರೇ. ಟ್ಯಾಕ್ಸಿ ಚಾಲಕರಂಥವರಿಗೆ ಬ್ಯಾಂಕುಗಳು ಸಾಲ ಕೊಡದಿದ್ದ ಕಾಲದಲ್ಲಿ, 1968ರಲ್ಲಿ, ಅವರಿಗಾಗಿ ಸಹಕಾರಿ ಬ್ಯಾಂಕನ್ನೇ ತೆರೆಸಿದರು. 1967ರಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. ಪಾಟೀಲರು ಕೇಂದ್ರ ಸಚಿವರು, ಕಾಂಗ್ರೆಸ್‌ನ ಹಣದ ಥೈಲಿಯನ್ನೇ ಹಿಡಿದಿದ್ದವರು. ಅವರನ್ನು ಮಣಿಸಿದ್ದು ಬೀದಿಯ ಜನರ ಸಂಘಟನೆ.

1974ರ ರೈಲ್ವೆ ಮುಷ್ಕರ ಇದೆಲ್ಲದರ ಶಿಖರ. ಕೆಲಸದ ಅವಧಿಗೆ ಮಿತಿ, ಬೋನಸ್, ಸಂಬಳದ ಪರಿಷ್ಕರಣೆ ಎಂಬ ಬೇಡಿಕೆಗಳು. ಮಾತುಕತೆ ನಡೆಯುತ್ತಿದ್ದಾಗಲೇ ಮೇ 2ರಂದು ಜಾರ್ಜ್ ಬಂಧನವಾಯಿತು. ಮೇ 8ಕ್ಕೆ ಮುಷ್ಕರ ಶುರುವಾಗಿ 27ಕ್ಕೆ ವಾಪಸಾಯಿತು. ಇಪ್ಪತ್ತು ದಿನಗಳಲ್ಲಿ ಸಾವಿರಾರು ಕಾರ್ಮಿಕರು ಜೈಲು ಸೇರಿದರು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು, ಹೆಂಗಸರು ಮಕ್ಕಳನ್ನು ಕ್ವಾರ್ಟರ್ಸ್‌ನಿಂದ ಹೊರಗೆ ಹಾಕಿದರು. ಮುಷ್ಕರ ಸೋತಿತು. ಆದರೆ ಸರ್ಕಾರ ತನ್ನದೇ ನೌಕರರನ್ನು ಹೇಗೆ ಜಜ್ಜಬಲ್ಲದು ಎಂಬುದು ತುರ್ತು ಪರಿಸ್ಥಿತಿಗೆ ಒಂದು ವರ್ಷ ಮೊದಲೇ ದೇಶಕ್ಕೆ ಗೊತ್ತಾಯಿತು. ಇದನ್ನು ಮರೆತು ಜಾರ್ಜ್ ಬಗ್ಗೆ ಮಾತಾಡುವವರ ಜೊತೆ ನನಗೆ ಮಾತಿಲ್ಲ.

ಇನ್ನು ಆ ಭೂಗತ ವರ್ಷ. ತುರ್ತು ಪರಿಸ್ಥಿತಿ ಘೋಷಣೆಯಾದಾಗ ಒಡಿಶಾದ ಗೋಪಾಲಪುರದಲ್ಲಿದ್ದವರು ಅಲ್ಲಿಂದಲೇ ಮರೆಯಾದರು; ಮೀನುಗಾರನಾಗಿ, ಸಿಖ್ಖನಾಗಿ ವೇಷ ಬದಲಿಸುತ್ತ ಓಡಾಡಿದರು. 1976ರ ಜೂನ್ 10ರಂದು ಕಲ್ಕತ್ತದಲ್ಲಿ ಸಿಕ್ಕರು. ಬರೋಡಾ ಡೈನಮೈಟ್ ಮೊಕದ್ದಮೆಯಲ್ಲಿ ಮೊದಲ ಆರೋಪಿ. ಈ ಕತೆಯನ್ನು ನಾವು ಸಿನಿಮಾದ ಹಾಗೆ ಹೇಳುತ್ತೇವೆ. ಅದರ ಬೆಲೆ ತೆತ್ತವರನ್ನು ಅಡಿಟಿಪ್ಪಣಿಗೆ ತಳ್ಳುತ್ತೇವೆ. ಅಣ್ಣ ಎಲ್ಲಿದ್ದಾನೆ ಹೇಳು ಎಂದು ಬೆಂಗಳೂರಿನಲ್ಲಿ ಪೊಲೀಸರು ತಮ್ಮ ಲಾರೆನ್ಸ್ ಅವರನ್ನು ಹಿಂಸಿಸಿದರು. 'ಸಂಸ್ಕಾರ' ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, ಅದೇ ಮೇ ತಿಂಗಳಲ್ಲಿ ಬಂಧನಕ್ಕೊಳಗಾಗಿ ಎಂಟು ತಿಂಗಳು ಬೆಂಗಳೂರಿನ ಜೈಲಿನಲ್ಲಿದ್ದರು. ಅಸ್ತಮಾದ ರೋಗಿ. ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರನ್ನು ಕೊಂದದ್ದು ಅಂದಿನ ಪ್ರಭುತ್ವ, ಜಾರ್ಜ್ ಅಲ್ಲ. ಇದರಲ್ಲಿ ನನಗೆ ಗೊಂದಲವಿಲ್ಲ. ಆದರೆ ಇನ್ನೊಬ್ಬರು ಪ್ರಾಣ ತೆತ್ತು ಉಳಿಸಿದ ಹೆಸರು ಪೂರ್ತಿ ನಮ್ಮ ಸ್ವಂತದ್ದಾಗಿ ಉಳಿಯುವುದಿಲ್ಲ. ಆ ಹೆಸರನ್ನು ಮುಂದೆ ಎಲ್ಲಿ ಖರ್ಚು ಮಾಡಿದಿರಿ ಎಂದು ಕೇಳುವ ಹಕ್ಕು ಚಂದ್ರಿಯನ್ನು ತೆರೆಯ ಮೇಲೆ ಕಂಡ ನಮಗೂ ಇದೆ.

1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಿಂದ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಮೊದಲು ಸಂಪರ್ಕ, ಬಳಿಕ ಕೈಗಾರಿಕಾ ಸಚಿವರಾದರು. ಕೋಕಾ ಕೋಲಾವನ್ನು ಓಡಿಸಿದ ಕತೆ ಇಲ್ಲಿಂದ ಬರುತ್ತದೆ. ಅದರಲ್ಲೂ ಒಂದು ಸಣ್ಣ ತಿದ್ದುಪಡಿ ಬೇಕು. ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಬೇಕೆಂಬ ಕಾನೂನು ಇಂದಿರಾ ಸರ್ಕಾರ 1973ರಲ್ಲಿ ಮಾಡಿದ್ದು. ಜಾರ್ಜ್ ಮಾಡಿದ್ದು ಅದನ್ನು ಹಿಂಜರಿಯದೆ ಜಾರಿಗೆ ತಂದದ್ದು. ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ತಯಾರಾದ ಸೂತ್ರದಿಂದ ಸರ್ಕಾರವೇ '77' ಎಂಬ ಪಾನೀಯ ತಂದಿತು. ಅದು ಬಹಳ ದಿನ ಬಾಳಲಿಲ್ಲ. ಇರಲಿ. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಜಾರಿ ಮಾಡುವ ಗಟ್ಟಿತನ ಬೇಕು ಎಂಬುದಕ್ಕಾದರೂ ಅದೊಂದು ಉದಾಹರಣೆ.

ನನ್ನ ವಾದ ಶುರುವಾಗುವುದು 1979ರ ಜುಲೈನಿಂದ. ಮೊರಾರ್ಜಿ ದೇಸಾಯಿ ಸರ್ಕಾರದ ಮೇಲೆ ಅವಿಶ್ವಾಸ ಗೊತ್ತುವಳಿ ಬಂದಿತ್ತು. ಜಾರ್ಜ್ ಎದ್ದು ನಿಂತು ಸರ್ಕಾರವನ್ನು ಸಮರ್ಥಿಸಿ ಅಬ್ಬರದ ಭಾಷಣ ಮಾಡಿದರು. ಕೆಲವೇ ದಿನಗಳಲ್ಲಿ ಅದೇ ಸರ್ಕಾರಕ್ಕೆ ರಾಜೀನಾಮೆ ಕೊಟ್ಟು ಚರಣ್ ಸಿಂಗ್ ಪಾಳೆಯ ಸೇರಿದರು. ಒಳಗೆ ಒತ್ತಡವಿತ್ತು, ಗೆಳೆಯರು ಪಟ್ಟು ಹಿಡಿದರು ಎಂಬ ವಿವರಣೆಗಳಿವೆ. ಇರಬಹುದು. ನನಗೆ ಮುಖ್ಯವಾದದ್ದು ಭಾಷಣ. ಜಾರ್ಜ್ ಅದ್ಭುತ ವಕೀಲರಾಗಿದ್ದರು. ಕಕ್ಷಿ ಯಾರೇ ಆಗಲಿ, ಅವರ ಪರವಾಗಿ ಬೆವರಿಳಿಸಿ ವಾದಿಸುತ್ತಿದ್ದರು. ಬೀದಿಯ ಜನ ಕಕ್ಷಿದಾರರಾಗಿದ್ದಾಗ ಆ ಕಸುಬು ಅವರನ್ನು ದೊಡ್ಡವರನ್ನಾಗಿ ಮಾಡಿತು. ಸರ್ಕಾರವೇ ಕಕ್ಷಿದಾರನಾದಾಗಲೂ ದನಿಯ ಏರು ಕಡಿಮೆಯಾಗಲಿಲ್ಲ. 1979ರಲ್ಲಿ ಕಂಡದ್ದು ಅದೇ, 2002ರಲ್ಲಿ ಕಂಡದ್ದೂ ಅದೇ. ನಡುವೆ ಯಾರೂ ಬದಲಾಗಲಿಲ್ಲ.

ಮಧ್ಯೆ ಒಂದು ಮಾತು ನಮ್ಮ ಬಗ್ಗೆ. 1984ರಲ್ಲಿ ಜಾರ್ಜ್ ಬೆಂಗಳೂರು ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫ್ ಎದುರು ನಿಂತು ಸೋತರು. ಇಂದು ನಾವು "ನಮ್ಮ ಜಾರ್ಜ್" ಎನ್ನುವ ಮನುಷ್ಯನನ್ನು ಕರ್ನಾಟಕ ಒಮ್ಮೆಯೂ ಲೋಕಸಭೆಗೆ ಕಳಿಸಲಿಲ್ಲ. ಕಳಿಸಿದ್ದು ಬೊಂಬಾಯಿ, ಮುಜಫರ್‌ಪುರ, ನಳಂದಾ. ಕೊಂಕಣಿ, ತುಳು, ಕನ್ನಡ, ಮರಾಠಿ, ಹಿಂದಿ ಎಂದು ಹತ್ತು ಭಾಷೆ ಬಲ್ಲ ಈ ಮನುಷ್ಯನಿಗೆ ಸ್ವಂತ ಊರಿನ ಮತಗಟ್ಟೆ ಇರಲೇ ಇಲ್ಲ. ಊರಿಲ್ಲದ ನಾಯಕ ಯಾವಾಗಲೂ ಇನ್ನೊಬ್ಬರ ಜಾತಿ ಲೆಕ್ಕ, ಇನ್ನೊಬ್ಬರ ಸಂಘಟನೆಯ ಮೇಲೆ ನಿಲ್ಲಬೇಕಾಗುತ್ತದೆ. ಅವರ ಮುಂದಿನ ಹೆಜ್ಜೆಗಳಲ್ಲಿ ಇದರ ಪಾತ್ರವೂ ಇದೆ. ನಾವು ಓಟು ಕೊಡಲಿಲ್ಲ. ಈಗ ಹೂವು ಕೊಡುತ್ತೇವೆ.

ವಿ.ಪಿ. ಸಿಂಗ್ ಸರ್ಕಾರದಲ್ಲಿ ಅವರು ರೈಲ್ವೆ ಸಚಿವರಾಗಿದ್ದದ್ದು ಒಂದು ವರ್ಷಕ್ಕೂ ಕಡಿಮೆ. ಮುಷ್ಕರ ಮಾಡಿಸಿದವನ ಕೈಗೇ ರೈಲ್ವೆ ಬಂತು. ಆ ಅಲ್ಪ ಕಾಲದಲ್ಲಿ ಕೊಂಕಣ ರೈಲ್ವೆ ಕಡತದಿಂದ ಎದ್ದು ನಿಂತಿತು. ಬಜೆಟ್‌ನಲ್ಲಿ ಹಣವಿಲ್ಲ ಎಂದು ದಶಕಗಳಿಂದ ಹೇಳುತ್ತಿದ್ದ ಇಲಾಖೆಯನ್ನು ಪಕ್ಕಕ್ಕಿಟ್ಟು ಬೇರೆಯದೇ ನಿಗಮ ಮಾಡಿದರು. ಬಂಡವಾಳದಲ್ಲಿ ಕೇಂದ್ರಕ್ಕೆ ಶೇ. 51, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾ ಮತ್ತು ಕೇರಳಕ್ಕೆ ತಲಾ 6. ಉಳಿದದ್ದು ಬಾಂಡ್ ಮೂಲಕ ಸಾಲ. ಇ. ಶ್ರೀಧರನ್ ಅವರ ಕೈಗೆ ಹೊಣೆ. 1990ರಲ್ಲಿ ನಿಗಮ, 1998ರ ಜನವರಿಯಲ್ಲಿ ಪೂರ್ತಿ ಮಾರ್ಗ. ಬೊಂಬಾಯಿಗೆ ಹೋಗಿ ಪಾತ್ರೆ ತೊಳೆದ ನಮ್ಮ ಹುಡುಗರ ಮಕ್ಕಳು ಇಂದು ರಾತ್ರಿ ರೈಲು ಹತ್ತಿ ಬೆಳಿಗ್ಗೆ ಊರಲ್ಲಿ ಇಳಿಯುತ್ತಾರೆ. ಮಂತ್ರಿಗಿರಿ ಎಂದರೆ ಇದು. ಸಣ್ಣ ಪಕ್ಷದವನಿಗೆ ಅಧಿಕಾರ ಯಾಕೆ ಬೇಕು ಎಂದು ಕೇಳಿದರೆ ನಾನು ಈ ಹಳಿಯನ್ನು ತೋರಿಸುತ್ತೇನೆ.

ಆದ್ದರಿಂದ "ಅಧಿಕಾರ ಅವರನ್ನು ಕೆಡಿಸಿತು" ಎಂಬ ಸಲೀಸು ಮಾತನ್ನೂ ನಾನು ಒಪ್ಪುವುದಿಲ್ಲ. ಅಧಿಕಾರ ಸಿಕ್ಕಿದಾಗ ಅವರು ಕೆಲಸ ಮಾಡಿದರು. ಕೆಟ್ಟದ್ದು ಬೇರೆ ಕಡೆ.

1994ರಲ್ಲಿ ಜನತಾದಳ ಒಡೆದು ನಿತೀಶ್ ಕುಮಾರ್ ಜೊತೆ ಸಮತಾ ಪಕ್ಷ ಕಟ್ಟಿದರು. ಮರುವರ್ಷ ಬಿಹಾರ ವಿಧಾನಸಭೆಯಲ್ಲಿ ಸಿಕ್ಕಿದ್ದು ಏಳೇ ಸ್ಥಾನ. 1996ಕ್ಕೆ ಬಿಜೆಪಿ ಜೊತೆ ಮೈತ್ರಿ. ಲೋಕಸಭೆಯಲ್ಲಿ ಎಂಟು ಸ್ಥಾನ. 1998ಕ್ಕೆ ಹನ್ನೆರಡು. ಜಾರ್ಜ್ ರಕ್ಷಣಾ ಸಚಿವ, ಎನ್‌ಡಿಎ ಸಂಚಾಲಕ. ಇದಕ್ಕೆ ಸಮರ್ಥನೆಯಿದೆ, ಅದನ್ನು ನ್ಯಾಯವಾಗಿ ಹೇಳಬೇಕು. ಲಾಲು ಪ್ರಸಾದರ ಆಡಳಿತದ ವಿರುದ್ಧ ಒಂಟಿಯಾಗಿ ನಿಲ್ಲಲು ಸಮತಾಗೆ ಬಲವಿರಲಿಲ್ಲ. ಕಾಂಗ್ರೆಸ್‌ನ ವಂಶಾಡಳಿತ ಲೋಹಿಯಾ ಶಿಷ್ಯರಿಗೆ ಯಾವತ್ತೂ ಶತ್ರು. ಜೊತೆಗೆ, ಮಿತ್ರಪಕ್ಷಗಳ ಒತ್ತಡದಿಂದಲೇ ರಾಮಮಂದಿರ, 370ನೇ ವಿಧಿ, ಸಮಾನ ನಾಗರಿಕ ಸಂಹಿತೆ ಮೂರನ್ನೂ ಬಿಜೆಪಿ ಮೈತ್ರಿಕೂಟದ ಕಾರ್ಯಸೂಚಿಯಿಂದ ಹೊರಗಿಟ್ಟಿತು. ಕಡಿವಾಣ ನಮ್ಮ ಕೈಯಲ್ಲಿದೆ ಎಂಬುದು ಸಮಾಜವಾದಿ ಮಿತ್ರರ ವಾದ.

ಸರಿ, ಕಡಿವಾಣ ಕೈಯಲ್ಲಿತ್ತು. ಕುದುರೆ ಹುಚ್ಚೆದ್ದಾಗ ಎಳೆದರೆ?

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಸಣ್ಣ ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಸ್ಥಳಕ್ಕೆ ಹೋದ ಮೂವರು ಸಚಿವರ ತಂಡದಲ್ಲಿ ಜಾರ್ಜ್ ಇದ್ದರು. ತಂಡ ಹಿಂತಿರುಗಿ ಹೇಳಿದ್ದು ಇದರ ಹಿಂದೆ ಸರ್ಕಾರವನ್ನು ಅಸ್ಥಿರಗೊಳಿಸುವ ಸಂಚಿದೆ ಎಂದು. ಸತ್ತದ್ದು ಮಕ್ಕಳು, ಸಂತ್ರಸ್ತನಾದದ್ದು ಸರ್ಕಾರ! ಊಟದ ಮೇಜಿನ ಎತ್ತರ ಸಹಿಸದೆ ಸೆಮಿನರಿ ಬಿಟ್ಟ ಹುಡುಗನಿಗೆ ಈ ವಾಕ್ಯದ ಎತ್ತರ ಕಾಣಲಿಲ್ಲವೇ?

2002ರಲ್ಲಿ ಗುಜರಾತ್. ಮೊದಲ ದಿನಗಳಲ್ಲಿ ಜಾರ್ಜ್ ಅಹಮದಾಬಾದಿಗೆ ಹೋದರು, ಸೇನೆ ಇಳಿಯುವ ಹೊತ್ತಿಗೆ ಗಲಭೆಯ ಬೀದಿಗಳಿಗೂ ಇಳಿದರು. ಅದು ಅವರ ಹಳೆಯ ಧೈರ್ಯ, ಅದನ್ನು ಅಲ್ಲಗಳೆಯಲಾರೆ. ಆದರೆ ಏಪ್ರಿಲ್ 30ರಂದು ಲೋಕಸಭೆಯಲ್ಲಿ ಚರ್ಚೆ ನಡೆದಾಗ ಅದೇ ಬಾಯಿ ಬೇರೆ ಮಾತಾಡಿತು. ಹೆಂಗಸರ ಮೇಲೆ ನಡೆದ ಅತ್ಯಾಚಾರ, ಗರ್ಭಿಣಿಯ ಹೊಟ್ಟೆ ಬಗೆದ ವರದಿಗಳ ಪ್ರಸ್ತಾಪ ಬಂದಾಗ, ಇದೇನು ಇದೇ ಮೊದಲೇ, 1984ರಲ್ಲಿ ದೆಹಲಿಯ ಬೀದಿಗಳಲ್ಲಿ ಇಂಥದ್ದು ನಡೆಯಲಿಲ್ಲವೇ ಎಂಬ ಧಾಟಿಯಲ್ಲಿ ಅವರು ಉತ್ತರಿಸಿದರು. ಹಳೆಯ ಕೊಲೆಯಿಂದ ಹೊಸ ಕೊಲೆಯನ್ನು ತೂಗಿದರು. 1984ರ ಸಿಖ್ಖರ ಹತ್ಯೆಯ ನೆನಪು ನ್ಯಾಯ ಕೇಳಲು ಇರುವ ನೆನಪು. ಅದನ್ನು ಅವರು ಇನ್ನೊಂದು ಅನ್ಯಾಯಕ್ಕೆ ರಸೀದಿಯಾಗಿ ತೋರಿಸಿದರು.

ಸಣ್ಣ ಪಕ್ಷದವರು ಏನು ಮಾಡಲಾಗುತ್ತಿತ್ತು ಎಂದು ಕೇಳುವವರಿದ್ದಾರೆ. ಅದೇ ಏಪ್ರಿಲ್ ಕೊನೆಯಲ್ಲಿ ಅದೇ ಮಂತ್ರಿಮಂಡಲದಿಂದ ಇನ್ನೂ ಸಣ್ಣ ಪಕ್ಷದ ನಾಯಕ ರಾಮ್ ವಿಲಾಸ್ ಪಾಸ್ವಾನ್ ಗುಜರಾತಿನ ಕಾರಣ ಹೇಳಿ ಹೊರನಡೆದರು. ಪಾಸ್ವಾನ್ ತತ್ವದ ಅವತಾರವೇನಲ್ಲ. ಗಾಳಿ ನೋಡಿ ತೂರುವವರೆಂದೇ ಹೆಸರಾದವರು, ಮುಂದೆ ನರೇಂದ್ರ ಮೋದಿಯವರ ಸಂಪುಟಕ್ಕೇ ಸೇರಿದರು. ಅಂಥವರಿಗೂ ಆ ಒಂದು ದಿನ ಬಾಗಿಲು ಕಂಡಿತು. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಬಿದ್ದದ್ದು ಒಂದೇ ಒಂದು ಮತದಿಂದ. ಒಂದು ಮತದ ಬೆಲೆ ಎನ್‌ಡಿಎ ಸಂಚಾಲಕರಿಗಿಂತ ಹೆಚ್ಚಾಗಿ ಯಾರಿಗೆ ಗೊತ್ತಿತ್ತು? 2002ರಲ್ಲಿ ಜಾರ್ಜ್ ಹೊರಬಂದಿದ್ದರೆ ಸರ್ಕಾರ ಬೀಳುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಕಡಿವಾಣ ನಮ್ಮ ಕೈಯಲ್ಲಿದೆ ಎಂದವರು ಒಮ್ಮೆಯಾದರೂ ಅದನ್ನು ಎಳೆದು ನೋಡಬೇಕಿತ್ತು ಎನ್ನುತ್ತಿದ್ದೇನೆ. ಎಳೆಯದ ಕಡಿವಾಣ ಬರಿಯ ಅಲಂಕಾರ. ಕುದುರೆಗೆ ಅದು ಶೋಭೆ, ಹಿಡಿದವನಿಗೆ ಅಲ್ಲ.

ಈ ಹಂತದಲ್ಲಿ ಜಾರ್ಜ್ ಅಭಿಮಾನಿಗಳು ತೆಗೆಯುವ ಕೊನೆಯ ಅಸ್ತ್ರ ಅವರ ಸರಳತೆ. ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರು, ಇಸ್ತ್ರಿ ಕಾಣದ ಜುಬ್ಬಾ, ದೆಹಲಿಯ ಕೃಷ್ಣ ಮೆನನ್ ಮಾರ್ಗದ ಮನೆಗೆ ಗೇಟೇ ಇರಲಿಲ್ಲ, ಬರ್ಮಾದ ನಿರಾಶ್ರಿತ ಹುಡುಗರಿಗೆ ಅಲ್ಲೇ ಆಶ್ರಯ. ಎಲ್ಲವೂ ನಿಜ. ಸಿಯಾಚಿನ್‌ಗೆ ಮತ್ತೆ ಮತ್ತೆ ಹೋದದ್ದು, ಸೈನಿಕರಿಗೆ ಬೇಕಾದ ಹಿಮವಾಹನದ ಕಡತ ತಡೆದ ಅಧಿಕಾರಿಗಳನ್ನು ಅಲ್ಲಿಗೇ ಕಳಿಸಿದ್ದು ಕೂಡ. ಆದರೆ ಗೇಟಿಲ್ಲದ ಅದೇ ಮನೆಯಲ್ಲಿ ಅವರ ಪಕ್ಷದ ಅಧ್ಯಕ್ಷೆ ಶಸ್ತ್ರ ವ್ಯಾಪಾರಿಗಳ ವೇಷದ ಪತ್ರಕರ್ತರನ್ನು ಭೇಟಿಯಾದ ದೃಶ್ಯವನ್ನು 2001ರ ಮಾರ್ಚ್‌ನಲ್ಲಿ ತೆಹಲ್ಕಾ ತೋರಿಸಿತು. 2020ರಲ್ಲಿ ದೆಹಲಿಯ ವಿಚಾರಣಾ ನ್ಯಾಯಾಲಯ ಅವರನ್ನು ದೋಷಿ ಎಂದಿತು. ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಜಾರ್ಜ್ ಮೇಲೆ ಲಂಚದ ಆರೋಪ ಎಲ್ಲೂ ಸಾಬೀತಾಗಿಲ್ಲ. ಅವರು ದುಡ್ಡು ಮಾಡಿದರೆಂದು ನಾನು ನಂಬುವುದೂ ಇಲ್ಲ. ನನ್ನ ಆಕ್ಷೇಪ ಅವರು ಹಿಂತಿರುಗಿದ ರೀತಿಯ ಬಗ್ಗೆ. ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟವರು, ತನಿಖಾ ಆಯೋಗ ಇನ್ನೂ ಕೂತಿರುವಾಗಲೇ ಅಕ್ಟೋಬರ್‌ನಲ್ಲಿ ಮತ್ತೆ ರಕ್ಷಣಾ ಸಚಿವರಾದರು. ಸಂಸತ್ತಿನಲ್ಲಿ ಅವರು ಎದ್ದು ನಿಂತರೆ ವಿರೋಧ ಪಕ್ಷದವರು ಬಹಿಷ್ಕರಿಸುತ್ತಿದ್ದರು.

ನಾವು ಕನ್ನಡಿಗರು ಸರಳತೆಗೆ ಬೇಗ ಸೋಲುತ್ತೇವೆ. ಜುಬ್ಬಾ ಮಾಸಿದ್ದರೆ ಮನಸ್ಸು ಮಡಿ ಎಂದುಕೊಳ್ಳುತ್ತೇವೆ. ಸರಳವಾಗಿ ಬದುಕುವುದು ಒಳ್ಳೆಯದು, ಆದರೆ ಅದು ಆ ಮನುಷ್ಯನ ಖಾಸಗಿ ಲಾಭ. ಸಚಿವನ ಲೆಕ್ಕ ಕೇಳಬೇಕಾದ್ದು ಅವನು ಎಷ್ಟು ಕಡಿಮೆ ತಿಂದ ಎಂದಲ್ಲ, ಮಾತಾಡಬೇಕಾದಲ್ಲಿ ಏನು ಮಾತಾಡಿದ ಎಂದು.

ಹಾಗಾದರೆ ಕೆಟ್ಟದ್ದು ಎಲ್ಲಿ? ಉತ್ತರ ನಮಗೆ ಕಹಿ, ಯಾಕೆಂದರೆ ಅದು ನಮ್ಮ ಗುರುಗಳ ಮನೆಯಲ್ಲೇ ಇದೆ. 1963ರ ಸುಮಾರಿಗೆ ರಾಮಮನೋಹರ ಲೋಹಿಯಾ ಕಾಂಗ್ರೆಸ್ಸೇತರವಾದವನ್ನು ಮುಂದಿಟ್ಟರು. ಒಂದೇ ಪಕ್ಷ ದೇಶವನ್ನು ಹಿಡಿದುಕೊಂಡು ಕೂತಿದೆ, ಅದನ್ನು ಕದಲಿಸಲು ಉಳಿದವರೆಲ್ಲ ಸೇರಬೇಕು ಎಂಬ ತಂತ್ರ. 1967ರಲ್ಲಿ ಬಿಹಾರದಲ್ಲಿ ಜನಸಂಘ, ಕಮ್ಯುನಿಸ್ಟ್, ಸಮಾಜವಾದಿಗಳು ಒಂದೇ ಸರ್ಕಾರದಲ್ಲಿ ಕೂತರು. ಅಂದಿಗೆ ಅದು ಮದ್ದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲೋಹಿಯಾ ತೀರಿಕೊಂಡರು. ಶಿಷ್ಯರು ಮದ್ದನ್ನೇ ಊಟ ಮಾಡಿಕೊಂಡರು. ಜನಸಂಘದವರು ಆರೆಸ್ಸೆಸ್ ಸದಸ್ಯತ್ವವನ್ನೂ ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಮಧು ಲಿಮಯೆ 1979ರಲ್ಲಿ ಎತ್ತಿದಾಗ ಜನತಾ ಪಕ್ಷವೇ ಒಡೆಯಿತು. ಹದಿನೇಳು ವರ್ಷದ ನಂತರ ಆ ಪ್ರಶ್ನೆ ಯಾರ ನೆನಪಿನಲ್ಲೂ ಇರಲಿಲ್ಲ. ಏಕಸ್ವಾಮ್ಯದ ವಿರೋಧವಾಗಿದ್ದದ್ದು ಒಂದು ಕುಟುಂಬದ ವಿರೋಧವಾಗಿ ಕುಗ್ಗಿತ್ತು. ಶತ್ರು ಯಾರೆಂದು ಗೊತ್ತಿದ್ದರೆ ಸಾಕು, ಮಿತ್ರರು ಯಾರೆಂದು ಕೇಳಬೇಕಿಲ್ಲ ಎಂಬ ರಾಜಕಾರಣ ಅದು.

ಈ ದಾರಿಯಲ್ಲಿ ಜಾರ್ಜ್ ಒಬ್ಬರೇ ನಡೆಯಲಿಲ್ಲ. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ಹೆಸರಾದ ಲೋಹಿಯಾವಾದಿ ಜೆ.ಎಚ್. ಪಟೇಲರು 1999ರಲ್ಲಿ ಮುಖ್ಯಮಂತ್ರಿಯಾಗಿದ್ದುಕೊಂಡೇ ಎನ್‌ಡಿಎ ಕಡೆ ವಾಲಿದರು. ರಾಮಕೃಷ್ಣ ಹೆಗಡೆ ಲೋಕಶಕ್ತಿ ಕಟ್ಟಿ ವಾಜಪೇಯಿ ಸಂಪುಟ ಸೇರಿದರು. ಜಾತ್ಯತೀತ ಎಂಬ ಪದವನ್ನು ಹೆಸರಿನಲ್ಲೇ ಇಟ್ಟುಕೊಂಡ ಜನತಾದಳ 2006ರಲ್ಲಿ ಬಿಜೆಪಿ ಜೊತೆ ಸರ್ಕಾರ ಮಾಡಿತು, 2023ರಲ್ಲಿ ಮತ್ತೆ ಕೈ ಹಿಡಿಯಿತು. ಇಷ್ಟು ಮಂದಿ ನಡೆದದ್ದನ್ನು ದಾರಿ ತಪ್ಪಿದ್ದು ಎನ್ನಲಾಗುವುದಿಲ್ಲ. ಅದು ಹೆದ್ದಾರಿಯೇ ಆಗಿತ್ತು. ಅದರ ನಕ್ಷೆ ನಮ್ಮ ಪುಸ್ತಕದ ಕಪಾಟಿನಲ್ಲೇ ಇದೆ.

ಕನ್ನಡದ ನವ್ಯ ಮತ್ತು ನಂತರದ ಸಾಹಿತ್ಯದ ದೊಡ್ಡ ಪಾಲು ಲೋಹಿಯಾ ನೆರಳಿನಲ್ಲಿ ಬೆಳೆದದ್ದು. ಅನಂತಮೂರ್ತಿ, ಲಂಕೇಶ್, ತೇಜಸ್ವಿ ಎಲ್ಲರೂ ಆ ಚಿಂತನೆಗೆ ತೆರೆದುಕೊಂಡವರು. ಜಾತಿ, ಭಾಷೆ, ಹೆಣ್ಣಿನ ಸ್ಥಾನದ ಬಗ್ಗೆ ನಮಗೆ ಕಣ್ಣು ಕೊಟ್ಟದ್ದು ಅದೇ. ಹೀಗಾಗಿ ಅದರ ರಾಜಕೀಯ ತಂತ್ರವನ್ನು ಪ್ರಶ್ನಿಸಲು ನಮಗೆ ಸಂಕೋಚ. ಶಾಂತವೇರಿ ಗೋಪಾಲಗೌಡರ ಬದುಕನ್ನು ಹಿನ್ನೆಲೆಯಾಗಿಟ್ಟುಕೊಂಡು ಬಂದ 'ಅವಸ್ಥೆ' ಕ್ರಾಂತಿಕಾರಿಯೊಬ್ಬ ಅಧಿಕಾರದ ಹೊಸ್ತಿಲಲ್ಲಿ ನಿಂತಾಗಿನ ಬೇಗುದಿಯನ್ನು ನಮಗೆ ತೋರಿಸಿತು. ಗೌಡರು ಮಂತ್ರಿಯಾಗದೆ 1972ರಲ್ಲೇ ತೀರಿಕೊಂಡರು. ಹೊಸ್ತಿಲು ದಾಟಿ ಒಳಗೆ ಹೋಗಿ ಕೂತವನ ಕತೆಯನ್ನು ಕನ್ನಡ ಇನ್ನೂ ಬರೆದಿಲ್ಲ ಎಂದೇ ನನಗೆ ಅನಿಸುತ್ತದೆ. ಸೋತವರ ಪಾವಿತ್ರ್ಯವನ್ನು ಬರೆಯುವುದು ಸುಲಭ. ಗೆದ್ದು, ರೈಲು ಹಳಿ ಹಾಕಿಸಿ, ಕೊನೆಗೆ ಕೊಲೆಯನ್ನು ತೂಗಿ ಸಮಾಧಾನ ಹೇಳಿದವನನ್ನು ಒಂದೇ ಪಾತ್ರವಾಗಿ ಬರೆಯಲು ನಮಗೆ ಧೈರ್ಯ ಬೇಕು.

ಕೊನೆಯ ಅಂಕ ಚಿಕ್ಕದು. 2003ರಲ್ಲಿ ಸಮತಾ, ಜೆಡಿಯು ಜೊತೆ ವಿಲೀನವಾಯಿತು. 2006ರಲ್ಲಿ ಪಕ್ಷದ ಅಧ್ಯಕ್ಷಗಿರಿ ಶರದ್ ಯಾದವ್ ಪಾಲಾಯಿತು. 2009ರಲ್ಲಿ ಆರೋಗ್ಯದ ಕಾರಣ ಹೇಳಿ ಪಕ್ಷ ಟಿಕೆಟ್ ನಿರಾಕರಿಸಿತು. ಹಟ ಹಿಡಿದು ಮುಜಫರ್‌ಪುರದಲ್ಲಿ ಪಕ್ಷೇತರರಾಗಿ ನಿಂತು ಠೇವಣಿ ಕಳೆದುಕೊಂಡರು. ಜೈಲಿನಲ್ಲಿದ್ದಾಗ ಮೂರು ಲಕ್ಷದ ಅಂತರ ಕೊಟ್ಟಿದ್ದ ಊರು ಅದು. ಆ ಹೊತ್ತಿಗೆ ಮರೆವಿನ ಕಾಯಿಲೆ ಅವರನ್ನು ಹಿಡಿದಿತ್ತು. ಹತ್ತು ವರ್ಷ ನೆನಪಿಲ್ಲದೆ ಬದುಕಿ 2019ರ ಜನವರಿ 29ರಂದು ಹೋದರು. ಮರುವರ್ಷ ಪದ್ಮವಿಭೂಷಣ. ಅವರಿಗೆ ಮರೆವು ಕಾಯಿಲೆಯಾಗಿ ಬಂತು, ಅದು ಯಾರ ತಪ್ಪೂ ಅಲ್ಲ. ನಾವು ಆರೋಗ್ಯವಾಗಿದ್ದೇವೆ.

ಆ ಹುಡುಗಿಯ ಹೆಸರು ನಾನು ಕೇಳಿಕೊಳ್ಳಲಿಲ್ಲ. ಈ ಬರಹ ಅವಳ ಕಣ್ಣಿಗೆ ಬಿದ್ದರೆ ಇದೇ ನನ್ನ ತಿದ್ದಿದ ಉತ್ತರ: ಇಲ್ಲಮ್ಮ, ಬೇರೆಯವರಲ್ಲ, ಬದಲಾದವರೂ ಅಲ್ಲ. ಕೋಳದ ಕೈ ಎತ್ತಿದವರೂ ಅವರೇ, ಏಪ್ರಿಲ್ 30ರಂದು ಎದ್ದು ನಿಂತವರೂ ಅವರೇ. ಆ ದಿನದ ಕಲಾಪ ಲೋಕಸಭೆಯ ದಾಖಲೆಯಲ್ಲಿದೆ, ಯಾರು ಬೇಕಾದರೂ ಓದಬಹುದು. ಸ್ನೇಹಲತಾ ಅವರ ಜೈಲಿನ ದಿನಚರಿಯೂ ಪ್ರಕಟವಾಗಿದೆ. ಎರಡನ್ನೂ ಒಂದೇ ವಾರದಲ್ಲಿ ಓದು. ಮುಂದಿನ ಸಲ ನಿಮ್ಮ ಕಾಲೇಜಿಗೆ ನನ್ನನ್ನು ಕರೆದರೆ ನಾನೂ ಎರಡನ್ನೂ ಪರದೆಯ ಮೇಲೆ ಹಾಕುತ್ತೇನೆ. ಚಪ್ಪಾಳೆ ಬರದಿದ್ದರೂ ಚಿಂತೆಯಿಲ್ಲ.